ಆಸ್ತಿ ಬರೆದುಕೊಡುವ ಮುನ್ನ: ಹಿರಿಯ ಜೀವಗಳ ರಕ್ಷಣೆಗಿರುವ ಕಾನೂನು

ಪಟ್ಟದಕಲ್ಲು, ಬಾದಾಮಿ, ಹುನಗುಂದ, ಇಳಕಲ್ಲ ಭಾಗದಿಂದ ದುಡಿಮೆಗಾಗಿ ಗೋವಾ, ಮಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಮನೆ ಕಾಯಲು ಉಳಿಯುವವರು ವಯಸ್ಸಾದವರೇ. ಅವರ ಕಷ್ಟ ಹೊರಗೆ ಕಾಣುವುದು ಕಡಿಮೆ. ಹೊಡೆತ, ಬೈಗುಳಗಳಷ್ಟೇ ಹಿಂಸೆಯಲ್ಲ. ಸಂಧ್ಯಾ ಸುರಕ್ಷಾ ಹಣವನ್ನು ಮತ್ತೊಬ್ಬರು ತೆಗೆದುಕೊಳ್ಳುವುದು, ಔಷಧಿ ತಪ್ಪಿಸುವುದು, ಓದಿ ಹೇಳದೆ ಕಾಗದಕ್ಕೆ ಹೆಬ್ಬೆರಳು ಒತ್ತಿಸಿಕೊಳ್ಳುವುದು ಇವೂ ಹಿಂಸೆಯೇ.

2025ರ ಮಾರ್ಚ್ ತಿಂಗಳಲ್ಲಿ ನೆರೆಯ ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳು ಬಿಟ್ಟುಹೋದ 150ಕ್ಕೂ ಹೆಚ್ಚು ವೃದ್ಧರಿದ್ದಾರೆಂಬ ಸಂಗತಿ ಬೆಳಕಿಗೆ ಬಂದಿತು. ಆಸ್ತಿ ಬರೆಸಿಕೊಂಡು ತಂದೆತಾಯಿಗಳನ್ನು ಆಸ್ಪತ್ರೆಯಲ್ಲಿ ಬಿಟ್ಟವರ ವಿರುದ್ಧ ದೂರು ದಾಖಲಿಸಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆಗ ಸೂಚಿಸಿದರು. ಅವರು ಆಧಾರವಾಗಿ ಹೇಳಿದ್ದು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು. ಇದರ ಸಾರವನ್ನು ಸದ್ಭಕ್ತರೆಲ್ಲರೂ ತಿಳಿದಿರಬೇಕು.

60 ವರ್ಷ ದಾಟಿದ, ಸ್ವಂತ ಗಳಿಕೆ ಅಥವಾ ಆಸ್ತಿಯಿಂದ ಬದುಕು ನಡೆಸಲಾರದ ಹಿರಿಯರು ಪೋಷಣೆ ಕೇಳಬಹುದು. ತಂದೆತಾಯಿಗಳಾದರೆ 60 ತುಂಬಿರಲೇಬೇಕೆಂದಿಲ್ಲ. ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಎಲ್ಲರೂ ಹೊಣೆಗಾರರು. ಕೊಟ್ಟ ಮನೆಗೆ ಹೋದ ಮಗಳಿಗೆ ಹೊಣೆಯಿಲ್ಲವೆಂಬ ನಮ್ಮ ಕಡೆಯ ವಾಡಿಕೆಯ ಮಾತಿಗೆ ಕಾನೂನಿನಲ್ಲಿ ನೆಲೆಯಿಲ್ಲ. ಮಕ್ಕಳಿಲ್ಲದವರಿಗೆ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ವಾರಸಾಗಿ ಪಡೆಯಲಿರುವ ಬಂಧು ಹೊಣೆ.

ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ಬಾದಾಮಿ, ಹುನಗುಂದ ಭಾಗದವರಿಗೆ ಅದು ಬಾಗಲಕೋಟೆಯಲ್ಲಿದೆ. ಸ್ವತಃ ಹೋಗಲಾಗದವರು ನೆರೆಯವರನ್ನೋ ಸಂಸ್ಥೆಯನ್ನೋ ಅಧಿಕೃತಗೊಳಿಸಬಹುದು. ವಕೀಲರನ್ನು ಹಿಡಿಯಬೇಕಾಗಿಲ್ಲ. ನೋಟಿಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಮತ್ತೆ 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಕೊಡಿಸಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ತೊರೆದುಬಿಟ್ಟರೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಶಿಕ್ಷೆ ಅಲ್ಪವೆಂದೇ ನಮ್ಮ ಭಾವನೆ.

ಹೆಚ್ಚು ಎಚ್ಚರ ಬೇಕಾದದ್ದು ದಾನಪತ್ರದ ವಿಷಯದಲ್ಲಿ. ಮೂಲಭೂತ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಅದನ್ನು ಪಾಲಿಸದಿದ್ದರೆ, 23ನೇ ಕಲಮಿನಡಿ ಆ ಪತ್ರ ರದ್ದಾಗಬಹುದು. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ, ಕಾಯ್ದೆಯನ್ನು ಹಿರಿಯರ ಹಿತಕ್ಕನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬರು ಮಗನಿಗೆ ಬರೆದ ದಾನಪತ್ರವನ್ನು ರದ್ದುಗೊಳಿಸಿತು. ಆದರೂ ಬಾಯಿಮಾತನ್ನು ನಂಬಿ ಕೂರಬಾರದು. ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕೆಂಬ ವಾಕ್ಯ ಪತ್ರದಲ್ಲಿಯೇ ಇರಲಿ. ಉತಾರದಲ್ಲಿ ಹೆಸರು ಬದಲಾದ ಮೇಲೆ ಕೇಳಿದರೆ ದಾರಿ ದೀರ್ಘವಾಗುತ್ತದೆ.

ಶ್ರೀಮಠಗಳಿಗೆ ಭೂದಾನ ಮಾಡಲಿಚ್ಛಿಸುವ ವೃದ್ಧ ಭಕ್ತರಿಗೂ ಇದೇ ಮಾತು. ತಮ್ಮ ಕೊನೆಗಾಲದ ಅನ್ನ, ಆಸರೆಗೆ ಬೇಕಾದದ್ದನ್ನು ಉಳಿಸಿಕೊಂಡ ಮೇಲಿನ ದಾನವೇ ದಾಸೋಹಕ್ಕೆ ಸಲ್ಲಲಿ. ಯಾರದೇ ಒತ್ತಾಯಕ್ಕೆ ಮಣಿದು ಸಹಿ ಹಾಕಬೇಡಿರಿ.

ಅಂಗವಿಕಲರ ಮೇಲೆ ದೌರ್ಜನ್ಯ ನಡೆದರೆ 2016ರ ಕಾಯ್ದೆಯ ಪ್ರಕಾರ ಕಂಡವರು ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ, ಅಂದರೆ ತಹಶೀಲ್ದಾರರಿಗೆ, ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರಿಗೆ ಕಾನೂನಿನ ತೊಡಕಿಲ್ಲ. ಹಿರಿಯರ ಸಹಾಯವಾಣಿ 14567. ಜೀವಕ್ಕೆ ಅಪಾಯವಿದ್ದಾಗ 112ಕ್ಕೆ ಕರೆ ಮಾಡಬೇಕು.