ಮನೆಗಳ ತಂಪು ಮತ್ತು ಬಿಸಿ ಗಾಳಿ ವ್ಯವಸ್ಥೆಗೆ ದುಂಡು ತಗಡು ಕೊಳವೆಗಳ ಜೋಡಣೆ: ಸಾರ್ವಜನಿಕರ ಮಾಹಿತಿಗಾಗಿ

1. ಹಿನ್ನೆಲೆ

ಒಂದೇ ಯಂತ್ರದಿಂದ ಇಡೀ ಮನೆಗೆ ತಂಪು ಅಥವಾ ಬಿಸಿ ಗಾಳಿಯನ್ನು ಪೂರೈಸುವ ವ್ಯವಸ್ಥೆಯಲ್ಲಿ, ಯಂತ್ರದಿಂದ ಕೊಠಡಿಗಳಿಗೆ ಗಾಳಿಯನ್ನು ಸಾಗಿಸುವ ಕೊಳವೆಯನ್ನು ಡಕ್ಟ್ ಎಂದು ಕರೆಯಲಾಗುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳ ಮನೆಗಳಲ್ಲಿ ಈ ವ್ಯವಸ್ಥೆ ಸಾಮಾನ್ಯವಾಗಿದೆ. ಕರ್ನಾಟಕದಲ್ಲಿ ಕೊಠಡಿಗೊಂದರಂತೆ ಅಳವಡಿಸುವ ಹವಾನಿಯಂತ್ರಕಗಳೇ ಹೆಚ್ಚು ಬಳಕೆಯಲ್ಲಿದ್ದರೂ, ಕೆಲವು ದೊಡ್ಡ ಮನೆಗಳಲ್ಲಿ ಡಕ್ಟ್ ವ್ಯವಸ್ಥೆಯನ್ನು ಅಳವಡಿಸಲಾಗುತ್ತಿದೆ.

ಡಕ್ಟ್ ಫಾಲ್ಸ್ ಸೀಲಿಂಗ್‌ನ ಮೇಲೆ ಮರೆಯಾಗುವುದರಿಂದ ಜೋಡಣೆಯ ದೋಷವು ಕಣ್ಣಿಗೆ ಬೀಳುವುದಿಲ್ಲ. ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜಿನಂತೆ, ಅಲ್ಲಿನ ಸಾಮಾನ್ಯ ಮನೆಯಲ್ಲಿ ಡಕ್ಟ್ ಮೂಲಕ ಸಾಗುವ ಗಾಳಿಯ ಶೇ. 20ರಿಂದ 30ರಷ್ಟು ಭಾಗವು ಸೋರಿಕೆ, ರಂಧ್ರ ಹಾಗೂ ಸಡಿಲ ಜೋಡಣೆಗಳಿಂದ ನಷ್ಟವಾಗುತ್ತದೆ.

2. ದುಂಡು ಆಕಾರದ ಅನುಕೂಲ

200 ಮಿ.ಮೀ. ವ್ಯಾಸದ ದುಂಡು ಕೊಳವೆಯ ಸುತ್ತಳತೆ ಸುಮಾರು 628 ಮಿ.ಮೀ. ಅಷ್ಟೇ ವಿಸ್ತೀರ್ಣದ ಚೌಕ ಕೊಳವೆಯ ಪ್ರತಿ ಬದಿ ಸುಮಾರು 177 ಮಿ.ಮೀ. ಇದ್ದು, ಸುತ್ತಳತೆ 709 ಮಿ.ಮೀ. ಆಗುತ್ತದೆ. ಆದ್ದರಿಂದ ದುಂಡು ಕೊಳವೆಗೆ ತಗಡು ಕಡಿಮೆ ಸಾಕು. ಗಾಳಿಗೆ ಎದುರಾಗುವ ತಡೆಯೂ ಕಡಿಮೆ.

3. ಸಾಮಗ್ರಿ

ಕೊಳವೆಗಳನ್ನು ಸಾಮಾನ್ಯವಾಗಿ ಸತು ಲೇಪಿತ ಉಕ್ಕಿನ ತಗಡಿನಿಂದ, ಅಂದರೆ ಜಿ.ಐ. ತಗಡಿನಿಂದ ತಯಾರಿಸಲಾಗುತ್ತದೆ. ಇಂತಹ ತಗಡಿಗೆ ಐ.ಎಸ್. 277 ಹಾಗೂ ಗಾಳಿಯ ಡಕ್ಟ್‌ಗಳಿಗೆ ಐ.ಎಸ್. 655 ಭಾರತೀಯ ಮಾನಕಗಳಾಗಿವೆ. ಖರೀದಿಯ ಸಮಯದಲ್ಲಿ ತಗಡಿನ ದಪ್ಪವನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು ಸೂಕ್ತ.

4. ಜೋಡಣೆಯ ಕ್ರಮ

(ಅ) ಕೈಗವಸು ಮತ್ತು ಕನ್ನಡಕ ಧರಿಸತಕ್ಕದ್ದು. ಕತ್ತರಿಸಿದ ತಗಡಿನ ಅಂಚು ಕೈಯನ್ನು ಆಳವಾಗಿ ಸೀಳಬಲ್ಲದು.

(ಆ) ಕೊಳವೆಯ ಒಂದು ತುದಿಯನ್ನು ಸುಕ್ಕುಗಟ್ಟಿಸಿ ಕಿರಿದಾಗಿಸಲಾಗಿರುತ್ತದೆ. ಇನ್ನೊಂದು ತುದಿ ನೇರವಾಗಿರುತ್ತದೆ. ಉದ್ದ ಕಡಿಮೆ ಮಾಡಬೇಕಾದಲ್ಲಿ ನೇರ ತುದಿಯನ್ನೇ ಕತ್ತರಿಸತಕ್ಕದ್ದು. ಉದ್ದುದ್ದದ ಅಂಚನ್ನು ಕೂಡಿಸುವ ಮುನ್ನ, ತಗಡು ತೆರೆದಿರುವಾಗಲೇ ಕತ್ತರಿಸುವುದು ಸುಲಭ.

(ಇ) ಅಂಚಿನ ನಾಲಿಗೆಯನ್ನು ಎದುರಿನ ಮಡಿಕೆಯೊಳಗೆ ಸೇರಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ರಮವಾಗಿ ಒತ್ತಿ ಭದ್ರಪಡಿಸತಕ್ಕದ್ದು.

(ಈ) ಕಿರಿದಾದ ತುದಿಯು ಗಾಳಿ ಸಾಗುವ ದಿಕ್ಕಿಗೆ ಮುಖ ಮಾಡಿ ಮುಂದಿನ ಕೊಳವೆಯೊಳಗೆ ಸೇರಬೇಕು. ಇದು ಹಿಂದುಮುಂದಾದಲ್ಲಿ ಗಾಳಿಯು ಒಳ ಅಂಚಿಗೆ ಬಡಿದು ಕೀಲಿನಿಂದ ಹೊರನುಗ್ಗುತ್ತದೆ.

(ಉ) ಕೊಳವೆಗಳು ಕನಿಷ್ಠ 25 ಮಿ.ಮೀ. ಒಂದರೊಳಗೊಂದು ಸೇರಿರಬೇಕು. ಪ್ರತಿ ಕೀಲಿಗೆ ಸಮಾನ ಅಂತರದಲ್ಲಿ ಕನಿಷ್ಠ 3 ತಗಡು ಸ್ಕ್ರೂಗಳನ್ನು ಹಾಕತಕ್ಕದ್ದು.

(ಊ) ಕೊಳವೆಯನ್ನು 3 ಮೀಟರ್ ಮೀರದ ಅಂತರದಲ್ಲಿ ಲೋಹದ ಪಟ್ಟಿಗಳಿಂದ ತೂಗುಹಾಕತಕ್ಕದ್ದು. ತಿರುವುಗಳು ಆದಷ್ಟು ಕಡಿಮೆಯಿರಬೇಕು.

5. ಸೋರಿಕೆ ತಡೆ

ಸ್ಕ್ರೂಗಳು ಕೊಳವೆಯನ್ನು ಹಿಡಿದಿಡುತ್ತವೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಆದ್ದರಿಂದ ಕೀಲು, ಉದ್ದಂಚು ಹಾಗೂ ತಿರುವಿನ ಕೊಳವೆಯ ಎಲ್ಲ ಜೋಡಣೆಗಳಿಗೆ ಡಕ್ಟ್ ಮ್ಯಾಸ್ಟಿಕ್ ಎಂಬ ಮೆತ್ತುವ ಲೇಪವನ್ನು ಬಳಿಯತಕ್ಕದ್ದು, ಅಥವಾ ಈ ಉದ್ದೇಶಕ್ಕೆಂದೇ ತಯಾರಿಸಿದ ಅಲ್ಯೂಮಿನಿಯಂ ಟೇಪನ್ನು ಅಂಟಿಸತಕ್ಕದ್ದು. ಬಟ್ಟೆಯ ಬೆನ್ನಿನ ಸಾಮಾನ್ಯ ಡಕ್ಟ್ ಟೇಪ್ ಇದಕ್ಕೆ ತಕ್ಕುದಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯವು 1998ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಅದು ಬಹುಬೇಗ ವಿಫಲವಾಗಿರುವುದು ಕಂಡುಬಂದಿದೆ.

6. ಹೊದಿಕೆ

ತಂಪು ಗಾಳಿಯ ಕೊಳವೆಯ ಹೊರಮೈ ಬರಿದಾಗಿದ್ದಲ್ಲಿ ಸುತ್ತಲಿನ ಗಾಳಿಯ ತೇವಾಂಶವು ಅದರ ಮೇಲೆ ನೀರಾಗಿ ಹನಿಯುತ್ತದೆ. ಮಂಗಳೂರು, ಕಾರವಾರದಂತಹ ಕರಾವಳಿ ಊರುಗಳಲ್ಲಿ ಇದು ಸೀಲಿಂಗ್‌ಗೆ ಕಲೆ, ಬೂಷ್ಟು ಹಾಗೂ ತಗಡಿಗೆ ತುಕ್ಕು ತರುತ್ತದೆ. ಸೋರಿಕೆ ತಡೆಯ ಕೆಲಸ ಮುಗಿದ ನಂತರ, ತೇವ ನಿರೋಧಕ ಹೊರಪದರವುಳ್ಳ ಶಾಖ ನಿರೋಧಕ ಹೊದಿಕೆಯನ್ನು ಬಿರುಕಿಲ್ಲದಂತೆ ಸುತ್ತತಕ್ಕದ್ದು.

7. ವಿಶೇಷ ಎಚ್ಚರಿಕೆ

ಗ್ಯಾಸ್ ಗೀಸರ್, ಒಲೆ ಅಥವಾ ಜನರೇಟರ್‌ನ ಹೊಗೆಯನ್ನು ಯಾವುದೇ ಕಾರಣಕ್ಕೂ ಈ ಕೊಳವೆಗಳಿಗೆ ಸೇರಿಸಬಾರದು. ಕೊಠಡಿಯ ಗಾಳಿಯನ್ನು ಯಂತ್ರಕ್ಕೆ ಮರಳಿ ಸೆಳೆಯುವ ಕೊಳವೆಯು ಇಂತಹ ಉಪಕರಣಗಳ ಬಳಿ ಸೋರುತ್ತಿದ್ದಲ್ಲಿ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಮಲಗುವ ಕೋಣೆಗಳಿಗೆ ಹರಡಬಹುದು. ಈ ಅನಿಲವು ಪ್ರಾಣಾಂತಿಕವಾಗಿರುತ್ತದೆ.

8. ಕಾಮಗಾರಿ ಒಪ್ಪಿಕೊಳ್ಳುವ ಮುನ್ನ

ಸೀಲಿಂಗ್ ಮುಚ್ಚುವುದಕ್ಕೆ ಹಾಗೂ ಹೊದಿಕೆ ಸುತ್ತುವುದಕ್ಕೆ ಮೊದಲು ಯಂತ್ರವನ್ನು ಚಾಲನೆ ಮಾಡಿಸಿ, ಪ್ರತಿ ಕೀಲಿನ ಬಳಿ ಊದುಬತ್ತಿಯ ಹೊಗೆ ಹಿಡಿದು ನೋಡುವುದು. ಹೊಗೆ ಅಲುಗಾಡಿದಲ್ಲಿ ಸೋರಿಕೆಯಿದೆ ಎಂದು ತಿಳಿಯತಕ್ಕದ್ದು. ಎಲ್ಲ ಕೊಠಡಿಗಳಿಗೂ ಗಾಳಿ ತಲುಪುತ್ತಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಅಂತಿಮ ಕಂತನ್ನು ಪಾವತಿಸುವುದು ಸೂಕ್ತ.

ಸೂಚನೆ: ಯಂತ್ರದ ವಿದ್ಯುತ್ ಹಾಗೂ ಶೀತಕ ಅನಿಲದ ಜೋಡಣೆಗಳನ್ನು ತರಬೇತಿ ಪಡೆದ ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು.