ಚಾಕ್‌ಪೀಸಿನ ಲೆಕ್ಕ ಕೇಳಿದವರು

ಬೆಂಗಳೂರಿನ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಗೆ (ಐಸೆಕ್) ಐವತ್ತು ತುಂಬಿದ ನೆನಪಿಗೆ ಸಂಚಿಕೆ ತರುತ್ತಿದ್ದೇವೆ, ಶಿಕ್ಷಣದ ಕೆಲಸದ ಬಗ್ಗೆ ನೀವು ಬರೆಯಬೇಕು ಎಂದು ಸಮಿತಿಯ ಗೆಳೆಯರು ಕೇಳಿದಾಗ, ಹಿರಿಯ ಪ್ರಾಧ್ಯಾಪಕರನ್ನು ಕೇಳಿ ಎಂದೆ. ‘ಅವರು ಸಿದ್ಧಾಂತ ಬರೆಯುತ್ತಾರೆ, ನೀವು ಪ್ರಶ್ನಾವಳಿ ಹಿಡಿದು ಊರೂರು ತಿರುಗಿದವರಲ್ಲವೇ’ ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡು ಬರೆಯಲು ಕೂತಿದ್ದೇನೆ.

ಮೊದಲು ವಿ.ಕೆ.ಆರ್.ವಿ. ರಾವ್. ಅವರನ್ನು ಬಿಟ್ಟು ‘ಐಸೆಕ್’ ಎಂಬ ಮಾತೇ ಹುಟ್ಟುವುದಿಲ್ಲ. 1908ರಲ್ಲಿ ಕಂಚೀಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ ಎಷ್ಟೆಂದು ಲೆಕ್ಕ ಹಾಕಿ ಹೆಸರಾದವರು. ಅವರಿಗೆ ಸಂಸ್ಥೆ ಕಟ್ಟುವುದು ಒಂದು ಚಟವೇ ಆಗಿತ್ತು ಅನ್ನಿಸುತ್ತದೆ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ಅದೇ ದೆಹಲಿಯಲ್ಲಿ ಆರ್ಥಿಕ ಬೆಳವಣಿಗೆ ಸಂಸ್ಥೆ. ಆಮೇಲೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು, 1969ರಿಂದ 1971ರವರೆಗೆ ಕೇಂದ್ರದ ಶಿಕ್ಷಣ ಮಂತ್ರಿ. ಅಷ್ಟೆಲ್ಲ ಆದ ಮೇಲೆ ಬೇರೆಯವರಾದರೆ ಮನೆ ಕಟ್ಟಿಸಿ ಆತ್ಮಕಥೆ ಬರೆಯುತ್ತಿದ್ದರು. ಇವರು ಅರವತ್ಮೂರರ ವಯಸ್ಸಿನಲ್ಲಿ, 1972ರಲ್ಲಿ, ಬೆಂಗಳೂರಿಗೆ ಬಂದು ಮೂರನೆಯದಕ್ಕೆ ಕೈಹಾಕಿದರು.

ದುಡ್ಡು ಎಲ್ಲಿಂದ? ಆ ದಾರಿಯನ್ನೂ ಅವರೇ ಮೊದಲು ಕಡಿದಿಟ್ಟಿದ್ದರು. ಸಮಾಜ ವಿಜ್ಞಾನದ ಸಂಶೋಧನೆಗೆ ಸರ್ಕಾರ ಹೇಗೆ ನೆರವಾಗಬೇಕೆಂದು ಹೇಳಲು ಅರವತ್ತರ ದಶಕದಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ಅದರ ಫಲವಾಗಿ 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಬಂತು. ಆ ಮಂಡಳಿ ಒಂದು ಕಡೆ, ರಾಜ್ಯ ಸರ್ಕಾರ ಇನ್ನೊಂದು ಕಡೆ, ಹೀಗೆ ಎರಡು ಕೈಯ ಅನುದಾನದಲ್ಲಿ ನಮ್ಮ ಸಂಸ್ಥೆ ನಡೆಯಿತು. ಸರ್ಕಾರದ ದುಡ್ಡು ತಿಂದು ಸರ್ಕಾರದ್ದೇ ಲೆಕ್ಕ ತೆಗೆಯುವುದು ಹೇಗೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಲೆಕ್ಕ ತೆಗೆಯಲಿ ಎಂದೇ ಸರ್ಕಾರ ದುಡ್ಡು ಕೊಡಬೇಕು ಎಂದು ನಂಬಿದ ತಲೆಮಾರು ಅದು.

ಆ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್. ಅವರು ನಮ್ಮ ಸಂಸ್ಥೆಯವರಲ್ಲ, ಆದರೂ ಇಲ್ಲಿ ಅವರಿಗೆ ಒಂದು ಜಾಗ ಬೇಕು. ದೆಹಲಿಯ ಕಡತ ಮುಟ್ಟುವ ಮೊದಲು, ಮೂವತ್ತರ ದಶಕದಲ್ಲಿ, ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ ಗ್ರಾಮಸೇವೆ ಮಾಡಿದವರು ಅವರು. 1964–66ರ ಶಿಕ್ಷಣ ಆಯೋಗಕ್ಕೂ, ಅಂದರೆ ಕೊಠಾರಿ ಆಯೋಗಕ್ಕೂ, ಅವರೇ ಸದಸ್ಯ ಕಾರ್ಯದರ್ಶಿ. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಹೋಗಬೇಕು ಎಂಬ, ಈಗ ಪಂಚಾಯಿತಿ ಸದಸ್ಯರ ಬಾಯಲ್ಲೂ ಬರುವ ಲೆಕ್ಕ ಆ ಆಯೋಗದ್ದು. 2020ರ ಹೊಸ ಶಿಕ್ಷಣ ನೀತಿಯೂ ಅದೇ ಆರನ್ನು ಮತ್ತೆ ಬರೆದುಕೊಂಡಿದೆ. ಐವತ್ತು ವರ್ಷ ಒಂದೇ ಅಂಕಿಯನ್ನು ಬರೆಯುತ್ತಾ ಬಂದಿದ್ದೇವೆಂದರೆ ಅದು ಇನ್ನೂ ಬಂದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಸಂಸ್ಥೆಯ ಆರಂಭದ ದಿನಗಳಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ದೆಹಲಿಯ ಪೀಠ ಬಿಟ್ಟು ಬಂದು ರಾಯರ ಜತೆಗೂಡಿದರು. ಒಬ್ಬರಿಗೆ ದೇಶದ ಅಂಕಿ, ಇನ್ನೊಬ್ಬರಿಗೆ ಒಂದು ಹಳ್ಳಿಯ ಜಗುಲಿ. ಒಂದೇ ಸೂರಿನಡಿ ಇಬ್ಬರೂ ಇದ್ದದ್ದರಿಂದಲೇ, ಶಾಲೆ ಬಿಟ್ಟ ಮಗುವಿನ ವಿಷಯ ಬಂದಾಗ ಶೇಕಡಾವಾರು ಹೇಳಿ ಮುಗಿಸದೆ ಮನೆಯಲ್ಲಿ ಎಮ್ಮೆ ಎಷ್ಟು, ತಂಗಿಯನ್ನು ಎತ್ತಿಕೊಳ್ಳುವವರು ಯಾರು ಎಂದು ಕೇಳುವ ಅಭ್ಯಾಸ ನಮಗಾಯಿತು ಎಂದು ನನ್ನ ನಂಬಿಕೆ. ಮುಂದೆ ದೊಡ್ಡವರು ಬೇರೆ ಬೇರೆ ದಾರಿ ಹಿಡಿದರು. ಯಾವ ಮನೆಯಲ್ಲಿಲ್ಲ ಇದು? ಸ್ಮರಣ ಸಂಚಿಕೆ ಅದನ್ನು ಕೆದಕುವ ಜಾಗವಲ್ಲ.

ಎಂಬತ್ತು, ತೊಂಬತ್ತರ ದಶಕಗಳು ಸದ್ದಿಲ್ಲದೆ ಕಳೆದವು. ನಿರ್ದೇಶಕರು ಬಂದರು, ಹೋದರು, ಪಿಎಚ್.ಡಿ. ಮಾಡಿದವರು ವಿಶ್ವವಿದ್ಯಾಲಯಗಳಿಗೆ ಹಂಚಿಹೋದರು. ಗ್ರಂಥಾಲಯ ಬೆಳೆಯಿತು, ಅದಕ್ಕೆ ರಾಯರ ಹೆಸರೇ ಇದೆ. ಶಿಕ್ಷಣದ ಕೆಲಸವೆಂದರೆ ಪ್ರೊ. ಎ.ಎಸ್. ಸೀತಾರಾಮು, ಆಮೇಲೆ ಪ್ರೊ. ಎಂ.ಡಿ. ಉಷಾದೇವಿ ಎಂದು ಹೊರಗಿನವರಿಗೂ ಗೊತ್ತಾಗಿತ್ತು. ಇವರ ಬಗ್ಗೆ ಬರೆಯಲು ನನಗಿಂತ ಯೋಗ್ಯರಿದ್ದಾರೆ.

ನಾನು ಹೇಳಬೇಕಾದದ್ದು ಶಾಲೆಯ ಟ್ರಂಕಿನ ಕಥೆ. ಸರ್ವ ಶಿಕ್ಷಣ ಅಭಿಯಾನ ಬಂದ ಮೇಲೆ ಪ್ರತಿ ಶಾಲೆಗೆ ವರ್ಷಕ್ಕೆ 2000 ರೂಪಾಯಿ ಶಾಲಾ ಅನುದಾನ, ಪ್ರತಿ ಶಿಕ್ಷಕರಿಗೆ ಬೋಧನೋಪಕರಣಕ್ಕೆ 500 ರೂಪಾಯಿ ಬರುತ್ತಿತ್ತು. ಶಿಕ್ಷಣದ ಬಜೆಟ್ಟಿನಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತಿದ್ದರಿಂದ, ಮೇಷ್ಟ್ರು ತಮ್ಮ ವಿವೇಚನೆಯಿಂದ ಖರ್ಚು ಮಾಡಬಹುದಾದ ದುಡ್ಡು ಇಷ್ಟೇ ಆಗಿತ್ತು. ಹೀಗಾಗಿ ಈ ಚಿಲ್ಲರೆ ಲೆಕ್ಕವೇ ನನಗೆ ಮುಖ್ಯ ಅನ್ನಿಸಿತು. ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಹಸಿರು ಬಣ್ಣದ ಕಬ್ಬಿಣದ ಟ್ರಂಕು ತೆರೆದು, ಸೆಣಬಿನ ದಾರ ಕಟ್ಟಿದ ವೋಚರುಗಳ ಕಟ್ಟು ಮುಂದಿಟ್ಟರು. ಚಾಕ್‌ಪೀಸ್ ಡಬ್ಬಿ, ಒಂದು ಬೀಗ, ಭೂಪಟ, ಗೋಡೆಗೆ ಸುಣ್ಣ. ರಸೀತಿಗಳ ತಾರೀಖೆಲ್ಲ ಮಾರ್ಚ್. ವರ್ಷ ಮುಗಿಯುವ ಹೊತ್ತಿಗೆ ದುಡ್ಡು ಕೈಗೆ ಬಂದರೆ ಭೂಪಟ ಪರೀಕ್ಷೆಯ ದಿನ ಗೋಡೆ ಏರುತ್ತದೆ. ನಮ್ಮ ಪ್ರಶ್ನಾವಳಿಯಲ್ಲಿ ಅನುದಾನ ಬಂತೇ ಎಂಬ ಕಾಲಮ್ಮಿನ ಪಕ್ಕದಲ್ಲಿ ‘ಯಾವ ತಿಂಗಳು’ ಎಂಬ ಇನ್ನೊಂದು ಕಾಲಮ್ಮನ್ನು ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದವನು ನಾನು. ಇದು ಸಣ್ಣ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಶಾಲೆಯ ಊಟದ ಮಾತೂ ಬರಬೇಕು. ನಾನು ತಮಿಳುನಾಡಿನ ಮಾರಂಡಹಳ್ಳಿಯವನು, ನಮ್ಮ ಊರು ಆಗ ಸೇಲಂ ಜಿಲ್ಲೆ, ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕಾಮರಾಜರ ಕಾಲದ ಮಧ್ಯಾಹ್ನದೂಟ ಉಂಡು ಬೆಳೆದವರು ನಾವು. 1982ರಲ್ಲಿ ಎಂ.ಜಿ.ಆರ್. ಅದನ್ನೇ ದೊಡ್ಡದು ಮಾಡಿದರು. ಕರ್ನಾಟಕದಲ್ಲಾದರೋ ತೊಂಬತ್ತರ ದಶಕದ ಕೊನೆಯಲ್ಲೂ ಹಾಜರಾತಿ ನೋಡಿ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಅಕ್ಕಿ ಮನೆಗೆ ಹೋಗುತ್ತದೆ, ಅನ್ನ ಮಗುವನ್ನು ಶಾಲೆಗೆ ತರುತ್ತದೆ ಎಂದು ಕ್ಯಾಂಟೀನಿನಲ್ಲಿ ಅರ್ಥಶಾಸ್ತ್ರಜ್ಞರ ಜತೆ ವಾದ ಮಾಡುತ್ತಿದ್ದೆ. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಮುಂದಿನ ವರ್ಷ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಯಿತು. ಆದೇಶಕ್ಕೂ ನನ್ನ ವಾದಕ್ಕೂ ಸಂಬಂಧವಿಲ್ಲ, ಆದರೂ ಆ ವಾರ ಕಾಫಿ ನನ್ನ ಖರ್ಚು.

ಅದೇ 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಹಿಂದುಳಿದದ್ದನ್ನು ಅಳೆಯಲು ರಸ್ತೆ, ನೀರಾವರಿಯ ಜತೆ ಶಾಲೆಯಿಂದ ಹೊರಗುಳಿದ ಮಕ್ಕಳನ್ನೂ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ನಾವು ಬಹಳ ದಿನದಿಂದ ಎಣಿಸುತ್ತಿದ್ದದ್ದು ಬಜೆಟ್ ಭಾಷಣದ ಬಾಗಿಲಿಗೆ ಬಂದು ನಿಂತಂತಾಯಿತು.

ಈಗಿನ ತರುಣ ಸಂಶೋಧಕರಿಗೆ ಒಂದು ಕೆಲಸ ಹೇಳಬೇಕು. ಗಡಿಯಾಚೆಯ ಹೊಸೂರು, ದೇನಕಣಿಕೋಟೆ, ತಾಳವಾಡಿ ಕಡೆಯ ಕನ್ನಡ ಶಾಲೆಗಳ ಲೆಕ್ಕ ತೆಗೆಯಿರಿ. ಶಿಕ್ಷಕರ ಹುದ್ದೆ ತಮಿಳುನಾಡಿನದು. ಆ ರಾಜ್ಯದ 2006ರ ಕಾಯ್ದೆಯ ಪ್ರಕಾರ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು, ವಿನಾಯಿತಿಗಾಗಿ ಜನ ಕೋರ್ಟು ಹತ್ತಿದರು. ಇತ್ತ 2010ರ ಕಾಯ್ದೆಯಲ್ಲಿ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮಾಡಿಕೊಂಡಿದೆ. ಕನ್ನಡ ಓದುವ ಒಂದು ಮಗುವಿಗೆ ಎರಡು ರಾಜ್ಯಗಳೂ ಸೇರಿ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತವೆ, ಅದು ಯಾವ ತಿಂಗಳು ಶಾಲೆ ತಲುಪುತ್ತದೆ ಎಂದು ಕೇಳಿಕೊಂಡು ಬನ್ನಿ. ಬೆಂಗಳೂರಿನಿಂದ ಸೇಲಂ ರೈಲು ಹತ್ತಿದರೆ ಹೊಸೂರು ದಾರಿಯಲ್ಲೇ ಸಿಗುತ್ತದೆ. ಇನ್ನೂ ಮುಂದೆ ಬಂದು ರಾಯಕೋಟೆ ದಾಟಿದರೆ ಮಾರಂಡಹಳ್ಳಿ. ಊಟ ನಮ್ಮ ಮನೆಯಲ್ಲಿ.