ರೂಪಾಯಿಯ ಬೆಲೆ ಬೆಳ್ಳಿಯಲ್ಲಿತ್ತೆ?

ಹಣದ ಬೆಲೆಗೆ ಮೂಲವಾವುದು? ಲೋಹವೆಂದು ಕೆಲವರೂ, ರಾಜಾಜ್ಞೆಯೆಂದು ಕೆಲವರೂ, ಚಲಾವಣೆಯ ಪರಿಮಿತಿಯೆಂದು ಮತ್ತೆ ಕೆಲವರೂ ವಾದಿಸುತ್ತ ಬಂದಿರುವರು. ಈ ಮೂರು ಪಕ್ಷಗಳನ್ನೂ ಬರಿಯ ತರ್ಕದಿಂದ ತೂಗುವುದಕ್ಕಿಂತ ನಮ್ಮ ದೇಶದ ಇತಿಹಾಸವೆಂಬ ಒರೆಗಲ್ಲಿಗೆ ಹಚ್ಚಿ ನೋಡುವುದು ಲೇಸು.

ನಮ್ಮ ‘ಹಣ’ವು ಸಂಸ್ಕೃತದ ‘ಪಣ’ದ ತದ್ಭವವು. ಪಣವೆಂದರೆ ಜೂಜಿನ ಒಡ್ಡವೂ ಹೌದು, ನಾಣ್ಯವೂ ಹೌದು. ಕೌಟಿಲ್ಯನ ಅರ್ಥಶಾಸ್ತ್ರವು ಹೇಳುವ ಬೆಳ್ಳಿಯ ಪಣದ ಹದಿನಾರು ಮಾಷಗಳಲ್ಲಿ ಬೆಳ್ಳಿಯು ಹನ್ನೊಂದು, ನಾಲ್ಕು ತಾಮ್ರ, ಉಳಿದೊಂದು ಸೀಸವೇ ಮೊದಲಾದ ಬೇರೆ ಲೋಹ. ಇಂಥ ನಾಣ್ಯಗಳನ್ನು ಪರೀಕ್ಷಿಸಲು ರೂಪದರ್ಶಕನೆಂಬ ಅಧಿಕಾರಿಯೂ ಉಂಟು. ಎಂದಮೇಲೆ ಆ ಪ್ರಾಚೀನಕಾಲದಲ್ಲಿಯೇ ಜನರು ಲೋಹದೊಡನೆ ಮುದ್ರೆಯನ್ನೂ ನಂಬಬೇಕಾಗಿದ್ದಿತು.

ಮುದ್ರೆಯೊಂದೇ ಸಾಕೆಂದು ಬಗೆದವನು ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನು. ಕ್ರಿ. ಶ. 1329-30ರಲ್ಲಿ ಆತನು ತಾಮ್ರ ಹಿತ್ತಾಳೆಗಳ ನಾಣ್ಯಗಳನ್ನು ಹೊರಡಿಸಿ, ಅವು ಬೆಳ್ಳಿಯ ಟಂಕಕ್ಕೆ ಸಮಾನವೆಂದು ಆಜ್ಞಾಪಿಸಿದನು. ಆಜ್ಞೆಗೆ ಕೊರತೆಯಿರಲಿಲ್ಲ; ಕಳ್ಳನಾಣ್ಯವನ್ನು ತಡೆಯುವ ಉಪಾಯವಿರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತೆಂಬರ್ಥದಲ್ಲಿ ಇತಿಹಾಸಕಾರ ಬರನಿಯು ಬರೆದಿರುವನು. ಕೆಲವೇ ವರ್ಷಗಳಲ್ಲಿ ಸುಲ್ತಾನನು ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು, ಬೊಕ್ಕಸದಿಂದ ಬೆಳ್ಳಿಬಂಗಾರಗಳನ್ನು ಕೊಡಬೇಕಾಯಿತು. ಇದನ್ನು ಕಂಡು, ಲೋಹವೇ ಬೆಲೆಗೆ ಮೂಲವೆಂದು ನಿರ್ಣಯಿಸಬಹುದೆ? ಮುಂದಿನ ಕಥೆಯು ಅದಕ್ಕೆ ಅಡ್ಡಬರುವುದು.

ಆಂಗ್ಲರ ಆಳ್ವಿಕೆಯ ರೂಪಾಯಿಯು 180 ಗ್ರೇನ್ ತೂಗುತ್ತಿದ್ದಿತು. ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ಯಾರಾದರೂ ಟಂಕಸಾಲೆಗೆ ಬೆಳ್ಳಿಯನ್ನೊಯ್ದು, ನಿಯತವಾದ ವೆಚ್ಚವನ್ನು ತೆತ್ತು, ರೂಪಾಯಿ ಮಾಡಿಸಿಕೊಳ್ಳಬಹುದಾಗಿದ್ದಿತು. ಆದುದರಿಂದ ನಾಣ್ಯವೂ ಲೋಹವೂ ಜೊತೆಯಾಗಿ ಏರಿಳಿಯುತ್ತಿದ್ದುವು. 1870ರ ಬಳಿಕ ಜರ್ಮನಿಯು ಬೆಳ್ಳಿಯನ್ನು ತೊರೆದು ಬಂಗಾರವನ್ನು ಹಿಡಿಯಿತು. ಅಮೆರಿಕೆಯ ಗಣಿಗಳಿಂದ ಬೆಳ್ಳಿಯು ಹೇರಳವಾಗಿ ಹೊರಬಿದ್ದಿತು. ಸುಮಾರು ಎರಡು ಷಿಲಿಂಗು ಬಾಳುತ್ತಿದ್ದ ರೂಪಾಯಿಯು 1892-93ರ ವೇಳೆಗೆ 15 ಪೆನ್ಸಿನಷ್ಟಕ್ಕೆ ಇಳಿಯಿತು. ವರ್ಷವರ್ಷವೂ ಲಂಡನ್ನಿಗೆ ಬಂಗಾರದ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದ ಸರಕಾರವು ಕಂಗೆಟ್ಟು, 1893ರ ಜೂನ್ 26ರಂದು ಪ್ರಜೆಗಳ ಬೆಳ್ಳಿಗೆ ಟಂಕಸಾಲೆಯ ಬಾಗಿಲನ್ನು ಮುಚ್ಚಿತು. ಆಮೇಲೆ ಬೆಳ್ಳಿಯು ಇಳಿಯುತ್ತಲೇ ಹೋಯಿತು; ರೂಪಾಯಿಯಾದರೋ, ಮೊದಲು ಕುಸಿದರೂ, 1898ರ ಹೊತ್ತಿಗೆ 16 ಪೆನ್ಸಿಗೆ ಏರಿ ನಿಂತಿತು. ನಾಣ್ಯದಲ್ಲಿನ ಬೆಳ್ಳಿ ಗುಲಗಂಜಿಯಷ್ಟೂ ಹೆಚ್ಚಿರಲಿಲ್ಲ. ಹೊಸ ನಾಣ್ಯದ ಹರಿವು ಮಾತ್ರ ತಡೆಯಲ್ಪಟ್ಟಿದ್ದಿತು. ತುಘಲಕನಿಗೆ ದೊರೆಯದ ಸೂತ್ರವು ಇದೇ.

ಆದರೆ ಈ ಸೂತ್ರದ ಬೆಲೆಯನ್ನು ತೆತ್ತವರು ಯಾರು? ರೈತನ ಕೂಡಿಟ್ಟ ಧನವೆಲ್ಲ ಮನೆಯ ಹೆಣ್ಣುಮಕ್ಕಳ ಕಡಗ, ಕಾಲಂದುಗೆಗಳ ಬೆಳ್ಳಿಯಲ್ಲಿಯೇ ಇದ್ದಿತು. 1896-97ರ ಮತ್ತು 1899-1900ರ ಘೋರಕ್ಷಾಮಗಳಲ್ಲಿ ಅದನ್ನು ಮಾರಹೋದವರಿಗೆ ಅಗ್ಗವಾದ ಬೆಳ್ಳಿಯ ಕ್ರಯವೇ ದಕ್ಕಿತು. ಕಂದಾಯವನ್ನು ಮಾತ್ರ ತುಟ್ಟಿಯಾದ ರೂಪಾಯಿಯಲ್ಲಿ ಕಟ್ಟಬೇಕಾಗಿದ್ದಿತು. ದಾದಾಭಾಯಿ ನವರೋಜಿಯಂಥವರು ಈ ನೀತಿಯನ್ನು ಖಂಡಿಸಿದುದು ಸಕಾರಣವೇ ಆಗಿದ್ದಿತು.

ಮುಂದೆ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಹೊರಟಿತು. 1940ರಲ್ಲಿ ನಾಣ್ಯದ ಬೆಳ್ಳಿಯು ಅರ್ಧಕ್ಕಿಳಿಯಿತು. 1947ರಲ್ಲಿ ನಿಕ್ಕಲ್ಲಿನ ರೂಪಾಯಿ ಬಂದಿತು. ಲೋಹವು ಹೋದರೂ ಹಣವು ಉಳಿಯಿತು. ಕನ್ನಡದಲ್ಲಿ ‘ನಾಣ್ಯ’ವೆಂಬುದಕ್ಕೆ ಸಾಚಾತನವೆಂಬ ಅರ್ಥವೂ ಉಂಟಷ್ಟೆ. ಹೊರಡಿಸುವವನು ಮಿತಿಯನ್ನು ಪಾಲಿಸುವನೆಂಬ ನಂಬಿಕೆಯೇ ಹಣದ ಬೆಲೆ. ಆ ಮಿತಿಯನ್ನು ಗೊತ್ತುಮಾಡುವಾಗ ಬಡವನ ಪೆಟ್ಟಿಗೆಯಲ್ಲಿ ಏನಿದೆಯೆಂಬುದನ್ನೂ ನೋಡುವುದು ರಾಜಧರ್ಮವು.